ವಿದೇಶದಲ್ಲಿ ಕಣ್ಣಿನ ರೋಗಗಳ ಸಂಶೋಧನೆ: ಸ್ನಾತಕೋತ್ತರ ಪದವಿಗೆ ಹೊರಡುವ ಮಂಡ್ಯ–ಮೈಸೂರಿನ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ನಾನು ಪಿಯುಸಿ ಓದುತ್ತಿದ್ದ ವರ್ಷ ಕಬ್ಬು ಕಡಿಯುವಾಗ ದೊಡ್ಡಪ್ಪನ ಎಡಗಣ್ಣಿಗೆ ಗರಿಯ ಅಂಚು ಸವರಿತು. ರಕ್ತ ಬರಲಿಲ್ಲ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡಮ್ಮ ನಂದಿಬಟ್ಟಲು ಹೂವಿನ ರಸ ಹಿಂಡಿದರು. ಕಣ್ಣು ಕೆಂಪಗಾದ ಮೇಲೆ ಔಷಧಿ ಅಂಗಡಿಯಿಂದ ಒಂದು ಹನಿ ಬಂತು. ಅದರಲ್ಲಿ ಸ್ಟೀರಾಯ್ಡ್ ಇತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಮೈಸೂರಿನ ಆಸ್ಪತ್ರೆ ತಲುಪುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಅಲ್ಲಿನ ವೈದ್ಯರು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಹುಣ್ಣಿನಿಂದ ಚೂರು ಕೆರೆದು ಗಾಜಿನ ಸ್ಲೈಡಿನ ಮೇಲೆ ಇಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕವಲೊಡೆದ ತೆಳು ಎಳೆಗಳು ಕಂಡವು. ಶಿಲೀಂಧ್ರ. ಕಣ್ಣು ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಊರಿನವರು ಹೇಳುವಂತೆ ಕಣ್ಣಿಗೆ ಹೂ ಬಿತ್ತು.

ಆ ಮೂರು ವಾರ ಏಕಾಯಿತು? ಮೈಸೂರಿನಲ್ಲಿ ಆಪ್ಟೊಮೆಟ್ರಿ (ದೃಷ್ಟಿ ಪರೀಕ್ಷೆಯ ಶಾಸ್ತ್ರ) ಓದಿ, ಎರಡು ವರ್ಷ ಕೆಲಸ ಮಾಡಿ, ಕೊನೆಗೆ ಲಂಡನ್ನಿಗೆ ಹೋಗಿ ಒಂದು ವರ್ಷದ ಸ್ನಾತಕೋತ್ತರ ಪದವಿ ಮುಗಿಸುವವರೆಗೂ ನನ್ನ ಜೊತೆಗಿದ್ದದ್ದು ಈ ಪ್ರಶ್ನೆಯೇ. ಅದಕ್ಕಾಗಿಯೇ ಈ ಮಾರ್ಗದರ್ಶಿ ವಿಶ್ವವಿದ್ಯಾಲಯಗಳ ಪಟ್ಟಿಯಿಂದ ಆರಂಭವಾಗುವುದಿಲ್ಲ.

ಮೊದಲ ಹೆಜ್ಜೆ: ಪ್ರಶ್ನೆ ಸಿಗುವವರೆಗೆ ಅರ್ಜಿ ಹಾಕಬೇಡಿ

"ನನಗೆ ಗ್ಲಾಕೋಮಾದಲ್ಲಿ ಆಸಕ್ತಿ ಇದೆ" ಎನ್ನುವುದು ಪ್ರಶ್ನೆಯಲ್ಲ. ಅದು ಒಂದು ಕೋಣೆಯ ಬಾಗಿಲು ಮಾತ್ರ. ಗ್ಲಾಕೋಮಾದಲ್ಲಿ, ಅಂದರೆ ಕಣ್ಣಿನ ನರ ಕ್ರಮೇಣ ಸಾಯುವ ರೋಗದಲ್ಲಿ, ಕಣ್ಣಿನೊಳಗಿನ ದ್ರವ ಹೊರಹೋಗುವ ಜಾಲರಿಯಂಥ ಅಂಗಾಂಶವನ್ನು ಅಧ್ಯಯನ ಮಾಡುತ್ತೀರೋ, ಸಾಯುತ್ತಿರುವ ನರಕೋಶಗಳನ್ನೋ, ಅಥವಾ ರೋಗಿ ಹನಿ ಹಾಕುವುದನ್ನು ಆರೇ ತಿಂಗಳಿಗೆ ಏಕೆ ನಿಲ್ಲಿಸುತ್ತಾನೆ ಎಂಬುದನ್ನೋ? ಮೊದಲನೆಯದಕ್ಕೆ ಪ್ರಯೋಗಾಲಯ ಬೇಕು, ಮೂರನೆಯದಕ್ಕೆ ಸಮುದಾಯ ಆರೋಗ್ಯದ ಕೋರ್ಸು ಬೇಕು. ಪ್ರಶ್ನೆ ಬದಲಾದರೆ ಕೋರ್ಸು, ನಗರ, ಖರ್ಚು ಎಲ್ಲವೂ ಬದಲಾಗುತ್ತವೆ.

ನಮ್ಮ ಜಿಲ್ಲೆಗಳಲ್ಲಿ ಒಳ್ಳೆಯ ಪ್ರಶ್ನೆಗಳಿಗೆ ಬರವಿಲ್ಲ. ಕಬ್ಬು, ಭತ್ತ ಬೆಳೆಯುವ ಕಡೆ ಗರಿ, ಹೊಟ್ಟು, ಮಣ್ಣು ತಾಗಿ ಶಿಲೀಂಧ್ರದ ಹುಣ್ಣಾಗುವುದು ದಕ್ಷಿಣ ಭಾರತದ ಕೃಷಿ ಕಾರ್ಮಿಕರಲ್ಲಿ ಚಿರಪರಿಚಿತ ಸಮಸ್ಯೆ. ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥ ಹುಣ್ಣಿಗೆ ವೊರಿಕೊನಜೋಲ್ ಹನಿಗಿಂತ ಹಳೆಯ ನಟಾಮೈಸಿನ್ ಹನಿಯೇ ಮೇಲು, ಅದರಲ್ಲೂ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕಿಗೆ, ಎಂದು ತೋರಿಸಿತು. ನಮ್ಮ ಹೊಲಗಳಲ್ಲಿ ಹುಟ್ಟುವಂಥ ಪ್ರಶ್ನೆಗೆ ಸಿಕ್ಕ ಉತ್ತರ ಲೋಕಕ್ಕೆಲ್ಲ ಬೇಕಾಯಿತು. ಇರುಳುಗಣ್ಣನ್ನು ನೋಡಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ಇರುವ ಕುಟುಂಬಗಳಲ್ಲಿ ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದ ಒಂದೇ ದೋಷಪೂರಿತ ಜೀನ್ ಮಗುವಿನಲ್ಲಿ ಜೋಡಿಯಾಗುವ ಸಾಧ್ಯತೆ ಹೆಚ್ಚು. ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರವಾದ ರೆಟಿನಾ ಸವೆದು ಇರುಳುಗಣ್ಣು ತರುವ ರೆಟಿನೈಟಿಸ್ ಪಿಗ್ಮೆಂಟೋಸಾ ರೋಗದ ಅನೇಕ ಬಗೆಗಳು ಹೀಗೆಯೇ ಬರುತ್ತವೆ. ಅನುವಂಶೀಯ ಅಂಧತ್ವದ ಒಂದು ಬಗೆಗೆ ಜೀನ್ ಚಿಕಿತ್ಸೆಯನ್ನು ಅಮೆರಿಕ 2017ರ ಡಿಸೆಂಬರಿನಲ್ಲಿ ಅನುಮೋದಿಸಿದ ಮೇಲೆ, ಯಾವ ಕುಟುಂಬದಲ್ಲಿ ಯಾವ ಜೀನ್ ಕೆಟ್ಟಿದೆ ಎಂದು ತಿಳಿಯುವುದು ಚಿಕಿತ್ಸೆಯ ಪ್ರಶ್ನೆಯೂ ಆಗಿದೆ. ಇನ್ನು ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾಗುವುದರ ಬಗ್ಗೆ ಹೇಳಬೇಕಾಗಿಯೇ ಇಲ್ಲ, ಪ್ರತಿ ಬೀದಿಯಲ್ಲೂ ಒಂದು ಮನೆ ಸಿಗುತ್ತದೆ.

ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಬರೆಯಿರಿ. ನನ್ನದು ಹೀಗಿತ್ತು: "ಕಾರ್ನಿಯಾ ಹುಣ್ಣಾದ ರೈತರು ಗಾಯವಾದ ಎಷ್ಟು ದಿನಕ್ಕೆ ಕಣ್ಣಿನ ವೈದ್ಯರನ್ನು ತಲುಪುತ್ತಾರೆ, ನಡುವೆ ಏನೇನು ಹಾಕಿಕೊಂಡಿರುತ್ತಾರೆ?" ನಿಮ್ಮ ತಾಯಿಗೆ ಓದಿ ಹೇಳಿದರೆ ಅರ್ಥವಾಗುವಷ್ಟು ಸರಳವಾಗಿದ್ದರೆ ಅದು ಗಟ್ಟಿ ಪ್ರಶ್ನೆ.

ಇದೇ ಹಂತದಲ್ಲಿ ಇನ್ನೊಂದು ವಿಷಯ ಇತ್ಯರ್ಥವಾಗಲಿ. ಈ ಪದವಿ ನಿಮ್ಮನ್ನು ಕಣ್ಣಿನ ಶಸ್ತ್ರಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ಎಂಬಿಬಿಎಸ್ ಮುಗಿಸಿದವರು ಭಾರತದಲ್ಲಿ ನೇತ್ರತಜ್ಞರಾಗಬೇಕಾದರೆ ನೀಟ್ ಪಿಜಿಯಂಥ ಪ್ರವೇಶ ಪರೀಕ್ಷೆ ಬರೆದು ನೇತ್ರವಿಜ್ಞಾನದ ಸೀಟು ಹಿಡಿಯುವುದೇ ದಾರಿ. ಹೊರಗಿನ ಎಂಎಸ್ಸಿ ಅದಕ್ಕೆ ಬದಲಿಯಲ್ಲ. ಏಜೆಂಟರು ಇದನ್ನು ಮಸುಕಾಗಿ ಹೇಳುತ್ತಾರೆ. ಹಾಗೆ ನಂಬಿ ಮನೆ ಅಡವಿಟ್ಟ ಕುಟುಂಬವೊಂದನ್ನು ಕಂಡಿದ್ದೇನೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಎರಡನೆಯ ಹೆಜ್ಜೆ: ಇಲ್ಲೇ ಒಂದೆರಡು ವರ್ಷ

ಪದವಿ ಮುಗಿದ ಕೂಡಲೇ ಹಾರಬೇಡಿ. ಆಪ್ಟೊಮೆಟ್ರಿ ಓದಿದವರು ಹೊರರೋಗಿ ವಿಭಾಗದಲ್ಲಿ ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನ ಮುಂದೆ ಕುಳಿತುಕೊಳ್ಳಿ. ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ ಓದಿದವರು ನೇತ್ರ ಬ್ಯಾಂಕ್ ಅಥವಾ ಪ್ರಯೋಗಾಲಯ ಇರುವ ಆಸ್ಪತ್ರೆಯಲ್ಲಿ ಸಂಶೋಧನಾ ಸಹಾಯಕರಾಗಿ. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ, ಮದುರೆಯ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯ ಇವು ಸಂಶೋಧನೆಗೆ ಹೆಸರಾದವು, ದೂರವೂ ಅಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಬೆಳಗ್ಗೆ ನಿಂತರೆ ಪುಸ್ತಕ ಕಲಿಸದ್ದು ಕಣ್ಣಿಗೆ ಬೀಳುತ್ತದೆ.

ಈ ಅನುಭವಕ್ಕೆ ಲೆಕ್ಕದ ಬೆಲೆಯೂ ಇದೆ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಕನಿಷ್ಠ 2,800 ಗಂಟೆಗಳ ಕೆಲಸ ತೋರಿಸಬೇಕು, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಕೆಲಸದ ಜೊತೆಗೇ ಆರ್ ಎಂಬ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶವನ್ನು ಸಂಜೆ ಅರ್ಧ ಗಂಟೆ ಕಲಿಯಿರಿ. ಅಲ್ಲಿ ಹೋದ ಮೇಲೆ ಕಲಿಯಲು ಪುರುಸೊತ್ತು ಇರುವುದಿಲ್ಲ.

ಮೂರನೆಯ ಹೆಜ್ಜೆ: ಕೋರ್ಸನ್ನು ಓದುವ ಬಗೆ

ಸಮುದಾಯದ ಪ್ರಶ್ನೆಯಾದರೆ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಕಣ್ಣಿನ ಆರೈಕೆಗೆಂದೇ ಸಾರ್ವಜನಿಕ ಆರೋಗ್ಯದ ಎಂಎಸ್ಸಿ ಇದೆ. ಜೀವಕೋಶ, ಜೀನ್, ಚಿತ್ರಣದ ಪ್ರಶ್ನೆಯಾದರೆ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ನೇತ್ರವಿಜ್ಞಾನ ಸಂಸ್ಥೆ ನೋಡಿ. 1805ರಲ್ಲಿ ಸ್ಥಾಪನೆಯಾದ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯೊಂದಿಗೆ ಅದರ ನಂಟು ಗಾಢವಾದದ್ದು. ಆಸ್ಟ್ರೇಲಿಯಾದತ್ತ ಮನಸ್ಸಿದ್ದರೆ ಮೆಲ್ಬರ್ನ್‌ನ ಕಣ್ಣಿನ ಸಂಶೋಧನಾ ಕೇಂದ್ರಕ್ಕೆ ಒಳ್ಳೆಯ ಹೆಸರಿದೆ.

ಬ್ರಿಟನ್ನಿನಲ್ಲಿ ಎಂಎಸ್ಸಿ ಸಾಮಾನ್ಯವಾಗಿ ಒಂದು ವರ್ಷ, ಒಟ್ಟು 180 ಕ್ರೆಡಿಟ್. ಬಹಳಷ್ಟು ಕಡೆ ಅದರಲ್ಲಿ 60 ಕ್ರೆಡಿಟ್ ಪ್ರಬಂಧದ್ದು. ತೇರ್ಗಡೆಗೆ 50 ಅಂಕ, 70 ದಾಟಿದರೆ ಅತ್ಯುನ್ನತ ಶ್ರೇಣಿ. ನಮ್ಮಲ್ಲಿ 85 ತೆಗೆದವರು ಅಲ್ಲಿ 64 ಬಂದಾಗ ಕುಸಿಯುತ್ತಾರೆ. ಕುಸಿಯಬೇಡಿ, ಅಲ್ಲಿ 64 ಒಳ್ಳೆಯ ಅಂಕ.

ಕೋರ್ಸಿನ ವಿವರದಲ್ಲಿ ಕಟ್ಟಡದ ಚಿತ್ರಗಳನ್ನು ಬಿಟ್ಟು ಒಂದೇ ವಿಷಯ ಹುಡುಕಿ: ಪ್ರಬಂಧದ ವಿಷಯವನ್ನು ವಿದ್ಯಾರ್ಥಿ ಆರಿಸಿಕೊಳ್ಳಬಹುದೇ, ಅಥವಾ ಪಟ್ಟಿಯಿಂದ ಹಂಚುತ್ತಾರೆಯೇ? ಬರೆದಿರದಿದ್ದರೆ ಇಮೇಲ್ ಮಾಡಿ ಕೇಳಿ. ನಿಮ್ಮ ಪ್ರಶ್ನೆಗೆ ಹತ್ತಿರದ ಕೆಲಸ ಮಾಡುವ ಅಧ್ಯಾಪಕರಿಗೆ ಅವರ ಒಂದು ಲೇಖನವನ್ನು ನಿಜವಾಗಿ ಓದಿ ಆರೇಳು ಸಾಲು ಬರೆಯಿರಿ. ನಾನು ನಾಲ್ವರಿಗೆ ಬರೆದೆ, ಒಬ್ಬರು ಉತ್ತರಿಸಿದರು. ಒಬ್ಬರು ಸಾಕು.

ನಾಲ್ಕನೆಯ ಹೆಜ್ಜೆ: ಹೆಸರು, ಅಂಕಪಟ್ಟಿ, ಶಿಫಾರಸು ಪತ್ರ

ನಮ್ಮ ಕಡೆಯವರ ದೊಡ್ಡ ತಲೆನೋವು ಹೆಸರಿನ ಹಿಂದೆ ಮುಂದೆ ಇರುವ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಮೂರನೆಯದು. ಮೊದಲು ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ಪ್ರತಿ ಅರ್ಜಿಯಲ್ಲೂ ಅದರಲ್ಲಿರುವಂತೆಯೇ ಬರೆಯಿರಿ. ಹಳೆಯ ದಾಖಲೆಯ ಹೆಸರೂ ಇದೂ ಒಬ್ಬರದೇ ಎಂದು ನೋಟರಿಯಿಂದ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ. ದೇಶದಲ್ಲಿ ಮೊದಲು ಆರಂಭವಾದ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಮೈಸೂರಿನದೂ ಒಂದು, 2017ರ ಜನವರಿಯಿಂದ ಅಲ್ಲಿ ಈ ಸೇವೆ ಇದೆ. ಜನನ ಪ್ರಮಾಣಪತ್ರ ಇಲ್ಲದವರು ಈಗಲೇ ಮಾಡಿಸಿ. ಏಕೆಂದು ಮುಂದೆ ತಿಳಿಯುತ್ತದೆ.

ಕ್ರೋಡೀಕೃತ ಅಂಕಪಟ್ಟಿಗೆ ಮೈಸೂರು ವಿಶ್ವವಿದ್ಯಾಲಯದವರು ಅಲ್ಲಿನ ಪರೀಕ್ಷಾಂಗಕ್ಕೆ, ಆಪ್ಟೊಮೆಟ್ರಿ ಮತ್ತು ವೈದ್ಯಕೀಯದವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ಮೂರು ಪ್ರತಿ ಒಟ್ಟಿಗೇ ತೆಗೆಸಿಕೊಳ್ಳಿ. ಶಿಫಾರಸು ಪತ್ರ ಸಂಸ್ಥೆಯ ಇಮೇಲಿನಿಂದಲೇ ಬರಲಿ ಎಂದು ಅನೇಕ ವಿಶ್ವವಿದ್ಯಾಲಯಗಳು ಕೇಳುತ್ತವೆ. ನಮ್ಮ ಮೇಷ್ಟ್ರುಗಳಲ್ಲಿ ಹಲವರು ಸ್ವಂತ ಜಿಮೇಲ್ ಬಳಸುತ್ತಾರೆ. ಎರಡು ತಿಂಗಳು ಮೊದಲೇ ಕಾಲೇಜಿನ ವಿಳಾಸ ತೆರೆಸಿಕೊಡುವಂತೆ ವಿನಂತಿಸಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಎರಡು ವರ್ಷ ಮಾತ್ರ ನಡೆಯುತ್ತದೆ, ತೀರಾ ಮುಂಚೆ ಬರೆಯಬೇಡಿ.

ಐದನೆಯ ಹೆಜ್ಜೆ: ಹಣ

ಲಂಡನ್ನಿನಲ್ಲಿ ಹೊರದೇಶದವರಿಗೆ 25 ಸಾವಿರ ಪೌಂಡ್ ದಾಟುವ ಶುಲ್ಕ ಸಾಮಾನ್ಯ. ಊಟ, ಬಾಡಿಗೆ ಬೇರೆ. ಆದ್ದರಿಂದ ಮೊದಲು ವಿದ್ಯಾರ್ಥಿವೇತನಗಳ ಬಾಗಿಲು ತಟ್ಟಿ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಚೀವ್ನಿಂಗ್, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮ್ಮ ರಾಜ್ಯದ ಪ್ರಬುದ್ಧ ಯೋಜನೆ, ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲ, 1892ರಿಂದ ನಡೆಯುತ್ತಿರುವ ಜೆ.ಎನ್. ಟಾಟಾ ದತ್ತಿಯ ಸಾಲ ವಿದ್ಯಾರ್ಥಿವೇತನ. ಇವುಗಳ ಅರ್ಜಿಯ ಕಾಲ ಕೋರ್ಸಿನ ಅರ್ಜಿಗಿಂತ ಮುಂಚೆಯೇ ಮುಗಿಯುವುದುಂಟು. ಪ್ರವೇಶ ಸಿಗಲಿ, ಆಮೇಲೆ ನೋಡೋಣ ಎಂದು ಕಾದವರು ಒಂದು ವರ್ಷ ಕಳೆದುಕೊಳ್ಳುತ್ತಾರೆ.

ಬ್ಯಾಂಕ್ ಸಾಲಕ್ಕೆ ಬಂದಾಗ ರೈತ ಕುಟುಂಬಗಳಿಗೆ ಒಂದು ಆಘಾತ ಕಾದಿರುತ್ತದೆ. ಬ್ಯಾಂಕುಗಳ ಸಾಮಾನ್ಯ ಪದ್ಧತಿಯಲ್ಲಿ ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಒತ್ತೆ ಬೇಕು. ಅಪ್ಪ ಪಹಣಿಗಳ ಕಟ್ಟು ಹಿಡಿದು ಬಂದಿದ್ದರು. ನಾಲೆಯ ನೀರು ಹರಿಯುವ, ಮೂರು ತಲೆಮಾರು ಉಣಿಸಿದ ಗದ್ದೆ. ಮ್ಯಾನೇಜರ್ ಕಟ್ಟನ್ನು ಬಿಚ್ಚದೆಯೇ ಹಿಂದಕ್ಕೆ ತಳ್ಳಿದರು. ಕೃಷಿ ಭೂಮಿಯನ್ನು ಬಹುತೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಒಪ್ಪುವುದಿಲ್ಲ. ಭೂಪರಿವರ್ತನೆಯಾದ ನಿವೇಶನ ಅಥವಾ ಮನೆ, ಅದಕ್ಕೆ ಇ-ಖಾತೆ, ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ನಮೂನೆ, ಋಣಭಾರ ಪತ್ರ ಬೇಕು. ನಮಗೆ ಸೋದರಮಾವನ ಸೈಟು ನೆರವಾಯಿತು. ಅದರ ಕಾಗದ ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು. ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗುವುದಾದರೆ ಹಿಂದಿನ ದೀಪಾವಳಿಗೇ ಕಾಗದ ತೆಗೆದು ನೋಡಿ ಎಂದು ನಾನು ಹೇಳುವುದು ಇದಕ್ಕೆ.

ಓದುವ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎನ್ನುತ್ತಾರೆ. ನಿಜ, ಆದರೆ ಬಡ್ಡಿ ನಿಲ್ಲುವುದಿಲ್ಲ. ತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತಾ ಹೋದರೆ ಕೊನೆಗೆ ಭಾರ ಕಡಿಮೆ. ಮಾನ್ಯತೆ ಪಡೆದ ಸಂಸ್ಥೆಯ ಸಾಲದಿಂದ ಕಳಿಸುವ ಶುಲ್ಕಕ್ಕೆ 2025ರ ಏಪ್ರಿಲ್‌ನಿಂದ ಮೂಲದಲ್ಲೇ ಸಂಗ್ರಹಿಸುವ ತೆರಿಗೆ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಕಟ್ಟಿದ ಬಡ್ಡಿಯ ಮೇಲೆ ಆದಾಯ ತೆರಿಗೆಯ ವಿನಾಯಿತಿ ಎಂಟು ವರ್ಷದವರೆಗೆ ಸಿಗುತ್ತದೆ.

ಆರನೆಯ ಹೆಜ್ಜೆ: ವೀಸಾ

ಬ್ರಿಟನ್ ವೀಸಾಕ್ಕೆ ಉಳಿದ ಶುಲ್ಕ ಮತ್ತು ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚದಷ್ಟು ಹಣ ತೋರಿಸಬೇಕು. ಸ್ವಂತ ಹಣವಾದರೆ ಅದು ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನವೂ ಕೆಳಗಿಳಿಯಬಾರದು. ಖಾತೆ ನಿಮ್ಮದು ಅಥವಾ ತಂದೆ ತಾಯಿಯದಾಗಿರಬೇಕು. ದೊಡ್ಡಪ್ಪ, ಸೋದರಮಾವ, ಅಣ್ಣ ಎಷ್ಟೇ ಹತ್ತಿರದವರಾದರೂ ಅವರ ಖಾತೆ ನಡೆಯುವುದಿಲ್ಲ. ತಂದೆ ತಾಯಿಯದಾದರೆ ನಂಟನ್ನು ತೋರಿಸಲು ಜನನ ಪ್ರಮಾಣಪತ್ರ ಬೇಕು. ಕಬ್ಬಿನ ಬಿಲ್ಲಿನ ಹಣವನ್ನು ನೆಚ್ಚಿಕೊಂಡಿದ್ದರೆ ಅದು ಕೈಗೆ ಬಂದ ದಿನದಿಂದ 28 ಎಣಿಸಿ, ಬರಬೇಕಾದ ದಿನದಿಂದಲ್ಲ. ಕ್ಷಯ ಪರೀಕ್ಷೆಯನ್ನು ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು, ಬೆಂಗಳೂರಿನಲ್ಲಿ ಅಂಥದ್ದಿದೆ. ಆರೋಗ್ಯ ಸೇವೆಯ ಶುಲ್ಕವನ್ನೂ ಅರ್ಜಿಯೊಂದಿಗೇ ಕಟ್ಟಬೇಕು, 2024ರ ಫೆಬ್ರುವರಿಯಿಂದ ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 776 ಪೌಂಡ್. ಹೊರಡುವ ದಿನ ಮೈಸೂರಿನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಇದೆ, ಸಾಮಾನು ಹೊತ್ತು ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಕಷ್ಟ ಬೇಡ.

ಏಳನೆಯ ಹೆಜ್ಜೆ: ನವೆಂಬರಿನಲ್ಲೇ ನೈತಿಕ ಸಮಿತಿ

ಪ್ರಬಂಧದ ಕಾಲ ಬೇಸಿಗೆಯ ಮೂರು ತಿಂಗಳು ಎಂದು ವೇಳಾಪಟ್ಟಿ ಹೇಳುತ್ತದೆ. ಅದನ್ನು ನಂಬಿ ಮೇ ತಿಂಗಳವರೆಗೆ ಸುಮ್ಮನಿದ್ದರೆ ಪದವಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ರೋಗಿಗಳ ದಾಖಲೆ ಭಾರತದ್ದಾದರೆ ಎರಡು ಒಪ್ಪಿಗೆ ಬೇಕು: ಅಲ್ಲಿನ ವಿಶ್ವವಿದ್ಯಾಲಯದ್ದು, ಇಲ್ಲಿನ ಆಸ್ಪತ್ರೆಯ ನೈತಿಕ ಸಮಿತಿಯದ್ದು. ವಿದೇಶಿ ಸಹಯೋಗ ಅಥವಾ ಹಣ ಇರುವ ಅಧ್ಯಯನವಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಗೂ ಹೋಗಬೇಕಾಗುತ್ತದೆ. ನನ್ನ ಅರ್ಜಿ ಒಂದು ಆಸ್ಪತ್ರೆಯಲ್ಲಿ ಸಹಿಯೊಂದಕ್ಕಾಗಿ ಏಳು ವಾರ ಮೇಜಿನ ಮೇಲಿತ್ತು. ನವೆಂಬರಿನಲ್ಲಿ ಕಳಿಸಿದ್ದರಿಂದ ಬದುಕಿಕೊಂಡೆ.

ಲಂಡನ್ನಿಗೆ ಬರುವ ಕಡತದಲ್ಲಿ ಹೆಸರು, ಊರು, ಆಸ್ಪತ್ರೆ ಸಂಖ್ಯೆ ಯಾವುದೂ ಇರಬಾರದು. ಪ್ರತಿ ರೋಗಿಗೆ ಒಂದು ಸಂಕೇತ ಕೊಟ್ಟು, ಸಂಕೇತ ಮತ್ತು ಹೆಸರಿನ ಪಟ್ಟಿಯನ್ನು ಇಲ್ಲಿನ ಆಸ್ಪತ್ರೆಯಲ್ಲೇ ಬೀಗ ಹಾಕಿಡಬೇಕು. ಮಾದರಿಗಳನ್ನು ಹೊರಗೆ ಕಳಿಸುವ ಯೋಜನೆಯಾದರೆ ಒಂದು ವರ್ಷದ ಕೋರ್ಸಿನಲ್ಲಿ ಕೈ ಹಾಕಬೇಡಿ ಎಂಬುದೇ ನನ್ನ ಸಲಹೆ. ದಾಖಲೆಗಳ ಅಧ್ಯಯನ, ಪ್ರಕಟಿತ ಅಧ್ಯಯನಗಳ ಕ್ರಮಬದ್ಧ ಪರಿಶೀಲನೆ, ಅಥವಾ ಅಲ್ಲಿನ ಪ್ರಯೋಗಾಲಯದಲ್ಲಿ ಆಗಲೇ ನಡೆಯುತ್ತಿರುವ ಕೆಲಸದ ಒಂದು ತುಂಡು, ಈ ಮೂರೇ ಒಂದು ವರ್ಷದಲ್ಲಿ ಮುಗಿಯುವಂಥವು.

ಮಾರ್ಗದರ್ಶಕರ ವಿಷಯ. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. 'ಸರ್' ಎನ್ನದೆ ಮಾತು ಹೊರಡಲು ನನಗೆ ಡಿಸೆಂಬರ್ ಬಂತು. ಅದಕ್ಕಿಂತ ಕಷ್ಟವಾದದ್ದು ಅವರ ಮಾತನ್ನು ಒಪ್ಪುವುದಿಲ್ಲ ಎನ್ನುವುದು. ರೈತರ ತಡಕ್ಕೆ ಆಸ್ಪತ್ರೆಯ ದೂರವೇ ಕಾರಣವಿರಬೇಕು ಎಂದು ನನ್ನ ಮಾರ್ಗದರ್ಶಕರು ಹೇಳಿದಾಗ ತಲೆಯಾಡಿಸಿ ಬಂದೆ. ಒಂದು ವಾರದ ಮೇಲೆ ಹೋಗಿ, ನಮ್ಮ ಊರಿಗೂ ಪೇಟೆಗೂ ಬಸ್ಸಿದೆ, ಕಟಾವಿನ ಸರದಿ ಬಂದಾಗ ಯಾರೂ ಹೊಲ ಬಿಟ್ಟು ಹೋಗುವುದಿಲ್ಲ ಎಂದೆ. ಅವರು ಪೆನ್ನು ತೆಗೆದು ಬರೆದುಕೊಂಡರು. ಕಟಾವಿನ ತಿಂಗಳು ಎಂಬ ಅಂಶ ನನ್ನ ವಿಶ್ಲೇಷಣೆಯಲ್ಲಿ ಸೇರಿದ್ದು ಹಾಗೆ. ನೀವು ಹುಟ್ಟಿದ ಊರು ನಿಮಗೆ ಗೊತ್ತು ಎಂಬುದು ಅಲ್ಲಿ ಜ್ಞಾನವೇ. ಅದನ್ನು ಬಾಯಿಬಿಟ್ಟು ಹೇಳಬೇಕು.

ಎಂಟನೆಯ ಹೆಜ್ಜೆ: ಎರಡು ಕಣ್ಣು ಎರಡು ರೋಗಿಗಳಲ್ಲ

ಕಣ್ಣಿನ ಸಂಶೋಧನೆಯಲ್ಲಿ ಪರೀಕ್ಷಕರು ಮೊದಲು ಹುಡುಕುವ ತಪ್ಪು ಇದು. 50 ಮಧುಮೇಹಿಗಳ ಎರಡೂ ಕಣ್ಣು ಪರೀಕ್ಷಿಸಿ 100 ಮಾದರಿ ಎಂದು ಬರೆಯುತ್ತೇವೆ. ಒಬ್ಬರ ಎರಡು ಕಣ್ಣುಗಳು ಒಂದೇ ರಕ್ತ, ಒಂದೇ ಸಕ್ಕರೆ, ಒಂದೇ ವಯಸ್ಸು ಹಂಚಿಕೊಂಡಿರುತ್ತವೆ. ಅವನ್ನು ಬೇರೆ ಬೇರೆ ಎಂದು ಎಣಿಸಿದರೆ ನಮ್ಮ ಲೆಕ್ಕವು ನಿಜವಾಗಿ ಇಲ್ಲದ ಖಚಿತತೆಯನ್ನು ತೋರಿಸುತ್ತದೆ. ಒಬ್ಬರಿಂದ ಒಂದೇ ಕಣ್ಣು ತೆಗೆದುಕೊಳ್ಳಿ, ಇಲ್ಲವೇ ಎರಡರ ನಂಟನ್ನು ಲೆಕ್ಕಕ್ಕೆ ಸೇರಿಸುವ ವಿಧಾನ ಬಳಸಿ. ಯಾವುದೆಂದು ದತ್ತಾಂಶ ಕೈಗೆ ಬರುವ ಮೊದಲೇ ಬರೆದಿಡಿ.

ದೃಷ್ಟಿಯ ಅಳತೆಯೂ ಹಾಗೆಯೇ. 6/6, 6/18, 6/60 ಎಂದು ನಾವು ಚೀಟಿಯಲ್ಲಿ ಬರೆಯುವುದನ್ನು ಕೂಡಿ ಸರಾಸರಿ ತೆಗೆಯಲು ಬಾರದು. ಲಾಗ್‌ಮಾರ್ ಎಂಬ ಅಳತೆಗೆ ಪರಿವರ್ತಿಸಬೇಕು. ಅದರಲ್ಲಿ 6/6 ಎಂದರೆ 0, 6/60 ಎಂದರೆ 1, ಸಂಖ್ಯೆ ಹೆಚ್ಚಿದಷ್ಟೂ ದೃಷ್ಟಿ ಕಡಿಮೆ. 'ಬೆರಳು ಎಣಿಸುವಷ್ಟು ಮಾತ್ರ' ಎಂದು ಬರೆದ ಚೀಟಿಗಳಿಗೆ ಯಾವ ಸಂಖ್ಯೆ ಕೊಡುತ್ತೀರಿ ಎಂಬುದಕ್ಕೂ ಆಧಾರ ಕೊಡಬೇಕು. ಶಿಲೀಂಧ್ರದ ಹುಣ್ಣಿನಲ್ಲಿ ಇಂಥ ಚೀಟಿಗಳೇ ಹೆಚ್ಚು. ಫೋಟೋ ಅಥವಾ ಸ್ಕ್ಯಾನ್ ನೋಡಿ ತೀವ್ರತೆ ಗುರುತಿಸುವ ಅಧ್ಯಯನವಾದರೆ ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಗುರುತಿಸಿ, ಎಷ್ಟು ಹೊಂದಿಕೆ ಇದೆ ಎಂದು ಕಪ್ಪಾ ಎಂಬ ಅಳತೆಯಿಂದ ತೋರಿಸಬೇಕು.

ಒಂಬತ್ತನೆಯ ಹೆಜ್ಜೆ: ಬರೆಯುವುದು, ಒಪ್ಪಿಸುವುದು

ವಿಧಾನದ ಅಧ್ಯಾಯವನ್ನು ಮೊದಲು ಬರೆಯಿರಿ, ಕೆಲಸ ನಡೆಯುತ್ತಿರುವಾಗಲೇ. ಫಲಿತಾಂಶ ಎರಡನೆಯದು, ಪೀಠಿಕೆ ಕೊನೆಗೆ. ನೋಟ್ಸ್ ಉರು ಹೊಡೆದು ಅದೇ ವಾಕ್ಯ ಬರೆದು ಅಂಕ ಪಡೆದ ಅಭ್ಯಾಸ ನಮ್ಮದು, ಅಲ್ಲಿ ಅದು ಕೃತಿಚೌರ್ಯ. ಲೇಖನ ಓದಿ ಮುಚ್ಚಿಟ್ಟು, ಅರ್ಥವಾದದ್ದನ್ನು ಕನ್ನಡದಲ್ಲಿ ಎರಡು ಸಾಲು ಗೀಚಿ, ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಇಡೀ ಪ್ರಬಂಧದಲ್ಲಿ ಒಂದು ವಾಕ್ಯವೂ ಬೇರೆಯವರಿಂದ ಎತ್ತಿದ್ದಾಗಲಿಲ್ಲ. ಮಿತಿಗಳನ್ನು ಮುಚ್ಚಿಡಬೇಡಿ. ನನ್ನ ದಾಖಲೆಗಳಲ್ಲಿ ಆಸ್ಪತ್ರೆಗೆ ಬಂದವರು ಮಾತ್ರ ಇದ್ದರು, ಬಾರದೆಯೇ ಕಣ್ಣು ಕಳೆದುಕೊಂಡವರು ಇರಲಿಲ್ಲ. ಅದನ್ನು ಒಂದು ಪೂರ್ಣ ಪುಟದಲ್ಲಿ ಬರೆದೆ. ಪರೀಕ್ಷಕರು ಮೆಚ್ಚಿ ಬರೆದದ್ದು ಆ ಪುಟವನ್ನೇ.

ಕಾಯಿಲೆ ಬಿದ್ದರೆ, ಮನೆಯಲ್ಲಿ ಸಾವು ನೋವಾದರೆ ಗಡುವಿನ ಮೊದಲೇ ವಿಭಾಗಕ್ಕೆ ತಿಳಿಸಿ. ಕಾಲಾವಕಾಶ ಕೇಳುವುದಕ್ಕೆ ಅಲ್ಲಿ ವ್ಯವಸ್ಥೆ ಇದೆ, ಗಡುವು ದಾಟಿದ ಮೇಲೆ ಕೇಳಿದರೆ ಬಾಗಿಲು ಮುಚ್ಚಿರುತ್ತದೆ.

ಒಪ್ಪಿಸಿದ ಮೇಲೆ

ಅಂತಿಮ ಅಂಕಪಟ್ಟಿಯ ದೃಢೀಕೃತ ಪ್ರತಿಗಳನ್ನು ಅಲ್ಲಿಂದ ಹೊರಡುವ ಮೊದಲೇ ಪಡೆಯಿರಿ. ಅಲ್ಲೇ ಕೆಲಸ ಹುಡುಕುವ ಯೋಚನೆ ಇದ್ದರೆ ವೀಸಾ ಮುಗಿಯುವ ಮೊದಲೇ ಪದವೀಧರರ ವೀಸಾಕ್ಕೆ ಅರ್ಜಿ ಹಾಕಿ. ಪ್ರಬಂಧವನ್ನು ಲೇಖನವಾಗಿಸುವ ಮಾತನ್ನು ಮಾರ್ಗದರ್ಶಕರೊಂದಿಗೆ ಕೊನೆಯ ಭೇಟಿಯಲ್ಲೇ ಆಡಿಕೊಳ್ಳಿ, ಲೇಖಕರ ಹೆಸರುಗಳ ಕ್ರಮವೂ ಸೇರಿ.

ಕೊನೆಯ ಕೆಲಸ ಯಾವ ಕೋರ್ಸೂ ಕೇಳುವುದಿಲ್ಲ, ಆದರೂ ಮಾಡಿ. ಪ್ರಬಂಧದ ಸಾರವನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ, ದಾಖಲೆ ಕೊಟ್ಟ ಆಸ್ಪತ್ರೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಆಶಾ ಕಾರ್ಯಕರ್ತೆಯರಿಗೆ ತಲುಪಿಸಿ. ನನ್ನ ಪುಟಗಳನ್ನು ಮೊದಲು ದೊಡ್ಡಪ್ಪನಿಗೆ ಓದಿ ಹೇಳಿದೆ. "ಗಾಯವಾದ ದಿನ ವೈದ್ಯರಿಗೆ ತೋರಿಸದೆ ಹನಿ ಹಾಕಬೇಡಿ ಎನ್ನುವುದನ್ನು ಮೇಲೆ ಹಾಕು ಮಗಳೇ, ಕೆಳಗಿನದನ್ನು ಯಾರೂ ಓದುವುದಿಲ್ಲ" ಎಂದರು. ಆ ಸಾಲನ್ನು ದಪ್ಪ ಅಕ್ಷರದಲ್ಲಿ ಮೇಲಕ್ಕೆ ತಂದು, ಇನ್ನೂ 50 ಪ್ರತಿ ತೆಗೆಸಿ, ನಮ್ಮೂರ ಔಷಧಿ ಅಂಗಡಿಯ ಗಲ್ಲಾದ ಪಕ್ಕದಲ್ಲೂ ಒಂದು ಅಂಟಿಸಿ ಬಂದೆ.